ನಾಲ್ಕನೇ ಟ್ಯಾಬ್

ಆ ವೆಬ್‌ಸೈಟಿಗೆ ಇಪ್ಪತ್ತೆರಡು ವರ್ಷ ವಯಸ್ಸು. ವೆಬ್‌ಸೈಟುಗಳ ಲೋಕದಲ್ಲಿ ಅಷ್ಟು ವಯಸ್ಸಾದವು ಸಿಗುವುದೇ ಕಷ್ಟ; ಸಿಕ್ಕರೂ ಹಲ್ಲು ಬಿದ್ದು, ಚಿತ್ರ ಇರಬೇಕಾದ ಕಡೆ ಬರೀ ಚೌಕ ತೋರಿಸಿಕೊಂಡು ಮೂಲೆ ಹಿಡಿದಿರುತ್ತವೆ. ಇದು ಮಾತ್ರ ಗಟ್ಟಿಮುಟ್ಟಾಗಿತ್ತು. ಅದನ್ನು ಕಟ್ಟಿದವಳು ಈಗ ಹೆಸರು ಮಾಡಿದ ವೆಬ್ ಡೆವಲಪರ್. ಕಣ್ಣು ಕಾಣದವರು, ಕಿವಿ ಕೇಳದವರು, ಕೈ ನಡುಗಿ ಮೌಸ್ ಹಿಡಿಯಲಾಗದವರು, ಹೀಗೆ ಯಾರಿಗೂ ತೊಡಕಾಗದಂತೆ ವೆಬ್‌ಸೈಟ್ ಕಟ್ಟುವುದು ಅವಳ ಕಸುಬು. ಹಾಗೆ ಕಟ್ಟದವರ ಜನ್ಮ ಜಾಲಾಡುವುದೂ ಅವಳ ಕಸುಬೇ. ಇದನ್ನು ಕಟ್ಟಿದಾಗ ಅವಳಿಗೆ ಇಪ್ಪತ್ತು ವರ್ಷ. ಆಗ ಏನೂ ಗೊತ್ತಿರಲಿಲ್ಲ, ಎಲ್ಲ ಗೊತ್ತಿದೆ ಅನ್ನುವ ಧೈರ್ಯವೊಂದು ದಂಡಿಯಾಗಿತ್ತು.

ಕಟ್ಟಿದ್ದು ಸೋದರಮಾವನಿಗಾಗಿ. ಮಾವ ಟೈಪಿಂಗ್ ಮೇಷ್ಟ್ರು. ಮನೆಯ ಕೆಳಗಿನ ಉದ್ದನೆಯ ಹಾಲಿನಲ್ಲಿ ಇಪ್ಪತ್ತನಾಲ್ಕು ಟೈಪ್‌ರೈಟರುಗಳನ್ನು ಎರಡು ಸಾಲಾಗಿ ಇಟ್ಟು, ಬೆಳಗ್ಗೆ ಏಳಕ್ಕೆ ಮೊದಲ ಬ್ಯಾಚು ಕೂರಿಸಿದರೆ ಮೇಲಿನ ಮನೆಯಲ್ಲಿ ಲೋಟ ತಟ್ಟೆಗಳೆಲ್ಲ ಸಣ್ಣಗೆ ಅದುರುತ್ತಿದ್ದವು. ಹಾಳೆ ಏರಿಸಿದೊಡನೆ ಅವರು ಹೇಳುತ್ತಿದ್ದ ಮೊದಲ ಮಾತು ಒಂದೇ: "ಎಡಗಡೆ ಹತ್ತು ಬಿಡಿ." ಹತ್ತು ಅಕ್ಷರದಷ್ಟು ಖಾಲಿ ಜಾಗ. ಒಂಬತ್ತು ಬಿಟ್ಟರೆ ಹಾಳೆ ಹರಿಯುತ್ತಿತ್ತು, ಹನ್ನೊಂದು ಬಿಟ್ಟರೂ ಹರಿಯುತ್ತಿತ್ತು. ಹುಡುಗರು ಬೆನ್ನ ಹಿಂದೆ ಅವರನ್ನು ಮಾರ್ಜಿನ್ ಮೇಷ್ಟ್ರು ಅನ್ನುತ್ತಿದ್ದರು. ಅತ್ತೆ ಎದುರಿಗೇ ಅನ್ನುತ್ತಿದ್ದರು.

ಅತ್ತೆಗೆ ಆ ಸಲಿಗೆ ಇತ್ತು. ಅವರು ಆ ಇನ್‌ಸ್ಟಿಟ್ಯೂಟಿನ ಮೊದಲ ಬ್ಯಾಚಿನ ವಿದ್ಯಾರ್ಥಿನಿ. ಪಾಸಾದ ಮೇಲೆ ಮೇಷ್ಟ್ರನ್ನೇ ಮದುವೆಯಾಗಿ, ಜೀವನವಿಡೀ ಅವರ ಮಾರ್ಜಿನ್ನನ್ನು ಆಡಿಕೊಂಡು ಕಾಲ ಕಳೆದರು. ಅನ್ನ ಬಡಿಸುವಾಗ ತಟ್ಟೆಯ ಎಡಗಡೆ ಬೇಕೆಂದೇ ಜಾಗ ಬಿಟ್ಟು, "ಹತ್ತು ಇದೆಯಾ, ಅಳೆದು ನೋಡಿ," ಅನ್ನುತ್ತಿದ್ದರು. ಮಾವ ನಗುತ್ತಿರಲಿಲ್ಲ. ನಗದಿರುವುದಕ್ಕೆ ಅವರು ಪಡುತ್ತಿದ್ದ ಪಾಡು ಮಾತ್ರ ಎಲ್ಲರಿಗೂ ಕಾಣುತ್ತಿತ್ತು.

ರಜೆ ಬಂದರೆ ಅವಳ ಠಿಕಾಣಿ ಆ ಹಾಲಿನಲ್ಲೇ. ಮೂರನೇ ಸಾಲು ತಲುಪುವುದರೊಳಗೆ ಎಂಟು ಸಲ ಹಿಂದಕ್ಕೆ ಹೋಗಿ ತಪ್ಪಿನ ಮೇಲೇ ಕುಟ್ಟುತ್ತಿದ್ದ ಸೊಸೆಗೆ ಮಾವ ಇಟ್ಟ ಹೆಸರು ಬ್ಯಾಕ್‌ಸ್ಪೇಸ್. "ಈ ಯಂತ್ರದಲ್ಲಿ ಹಿಂದಕ್ಕೆ ಹೋಗಬಹುದು, ಅಳಿಸೋಕಾಗಲ್ಲ. ಒಂದು ಸಲ ಕುಟ್ಟಿದ್ದು ಕುಟ್ಟಿದ್ದೇ," ಅಂತ ಅವರು ತಿಳಿಹೇಳುತ್ತಿದ್ದರು. ಅವಳು ಮುಂದೆ ಕಂಪ್ಯೂಟರಿನ ಕಡೆ ಹೋದದ್ದಕ್ಕೆ ಈ ಮಾತೂ ಒಂದು ಕಾರಣವಿರಬಹುದು.

ಕಂಪ್ಯೂಟರುಗಳು ಬಂದವು, ಇನ್‌ಸ್ಟಿಟ್ಯೂಟಿನ ಬೆಂಚುಗಳು ಒಂದೊಂದೇ ಖಾಲಿಯಾದವು. ಕೊನೆಗೆ ಮುಚ್ಚುವುದೆಂದು ತೀರ್ಮಾನವಾದ ವಾರ ಅವಳು ಹೊಸದಾಗಿ ಕೊಂಡ ಕ್ಯಾಮೆರಾ ಹಿಡಿದು ಬಂದಳು. ಯಂತ್ರಗಳ ಫೋಟೋ ತೆಗೆದಳು, ಗೋಡೆಯ ಮೇಲಿದ್ದ ಕೀಲಿಮಣೆಯ ದೊಡ್ಡ ಚಾರ್ಟಿನ ಫೋಟೋ ತೆಗೆದಳು, ಕಿಟಕಿಯ ಪಕ್ಕ ಅತ್ತೆಯನ್ನು ನಿಲ್ಲಿಸಿ ಒಂದು ತೆಗೆದಳು. ಅದರಲ್ಲಿ ಅತ್ತೆ ಒಂದು ಬದಿಗೆ ಸರಿದುಹೋಗಿದ್ದರು, ಎಡಗಡೆ ಬರೀ ಗೋಡೆ. ಆಗ ರೀಲಿನ ಕ್ಯಾಮೆರಾ, ತೊಳೆಸಿದ ಮೇಲೇ ಗೊತ್ತಾಗುತ್ತಿದ್ದದ್ದು. ಬಂದದ್ದು ಬಂತು ಅಂತ ಸುಮ್ಮನಾದಳು.

ಆ ಫೋಟೋಗಳನ್ನೆಲ್ಲ ಹಾಕಿ ಅವಳು ತನ್ನ ಮೊಟ್ಟಮೊದಲ ವೆಬ್‌ಸೈಟ್ ಕಟ್ಟಿದಳು. ಹೆಸರು 'ಹಾಜರಿ'. ಹಳೆಯ ವಿದ್ಯಾರ್ಥಿಗಳು ದಿನಾ ಬೆಳಗ್ಗೆ ಬಂದು ಒಂದು ಸಾಲು ಬರೆಯಬೇಕು, ಮಾವ ಹಾಜರಿ ತೆಗೆದುಕೊಳ್ಳಬೇಕು. ಹುಡುಗಾಟಕ್ಕೆ ಶುರುವಾದದ್ದು ಬೇರುಬಿಟ್ಟಿತು. ಬಸ್ ಡ್ರೈವರೊಬ್ಬರು, ನರ್ಸೊಬ್ಬರು, ಕೋರ್ಟಿನಲ್ಲಿ ಬೆರಳಚ್ಚುಗಾರರಾಗಿದ್ದ ಇಬ್ಬರು, ಮೊಮ್ಮಕ್ಕಳನ್ನು ಆಡಿಸಿಕೊಂಡಿರುವವರು, ಒಟ್ಟು ಇಪ್ಪತ್ತಾರು ಮಂದಿ. ಅವರು ಬರೆಯುತ್ತಿದ್ದದ್ದು ಮಂಡಿನೋವು, ಮಗಳ ಪರೀಕ್ಷೆ, ಸೋರುವ ನಲ್ಲಿ, ಇಂಥವು. ಏಳು ಗಂಟೆ ಹತ್ತು ನಿಮಿಷಕ್ಕೆ ಮಾವ ಕೆಳಗೆ ಷರಾ ಬರೆಯುತ್ತಿದ್ದರು: "ಡ್ರೈವರ್ ನಿನ್ನೆ ಗೈರುಹಾಜರು. ಕಾರಣ ತಿಳಿಸತಕ್ಕದ್ದು." ಅರವತ್ತು ದಾಟಿದ ಡ್ರೈವರು ಕಾರಣ ತಿಳಿಸುತ್ತಿದ್ದರು.

ಅತ್ತೆ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಅದಾಗಿ ಎರಡು ವರ್ಷಕ್ಕೆ ಮಾವನ ಕಣ್ಣು ಪೂರ್ತಿ ಹೋಯಿತು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರನ್ನು ಅವಳೇ ಅವರ ಕಂಪ್ಯೂಟರಿಗೆ ಹಾಕಿ ಕಲಿಸಿದಳು. ಮಾವ ಅದಕ್ಕೆ ಓದುಗಪ್ಪ ಅಂತ ಹೆಸರಿಟ್ಟರು. ಅವರಿಗೆ ಕಲಿಸುವಾಗಲೇ ತನ್ನ ಬದುಕಿನ ದಾರಿ ಯಾವುದೆಂದು ಅವಳಿಗೆ ಹೊಳೆದದ್ದು. ಕಣ್ಣಿದ್ದಾಗಲೂ ಬೆರಳು ನೋಡದೆ ಟೈಪು ಮಾಡಿದ ಮನುಷ್ಯನಿಗೆ ಕೀಲಿಮಣೆಯೇನೂ ಕಷ್ಟವಾಗಲಿಲ್ಲ. ಟ್ಯಾಬ್ ಕೀಲಿ ಒತ್ತಿದರೆ ಪುಟದ ಒಂದು ಕೊಂಡಿಯಿಂದ, ಅಂದರೆ ಲಿಂಕಿನಿಂದ, ಮುಂದಿನ ಕೊಂಡಿಗೆ ಹೋಗುತ್ತದೆ. ಏಳು ಸಲ ಒತ್ತಿ ಎಂಟರ್ ಹೊಡೆದರೆ ಇವತ್ತಿನ ಹಾಜರಿ. ಆ ಏಳನ್ನು ಮಾವ ಹನ್ನೆರಡು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ.

ಇಷ್ಟೂ ಗೊತ್ತಿದ್ದವಳೇ ಆ ತಪ್ಪು ಮಾಡಿದಳು.

ಒಂದು ಕಂಪನಿಯಲ್ಲಿ ನಲವತ್ತು ಜನ ಹೊಸ ಡೆವಲಪರುಗಳಿಗೆ ಅವಳು ತರಬೇತಿ ಕೊಡುತ್ತಿದ್ದಳು. ಯಾರದೋ ವೆಬ್‌ಸೈಟಿನ ಹುಳುಕು ತೋರಿಸುವ ಬದಲು ತನ್ನದನ್ನೇ ತೋರಿಸಿ ನಗಿಸೋಣ ಅನ್ನಿಸಿ, 'ಹಾಜರಿ'ಯನ್ನು ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ತೆರೆದಳು. ಚಿತ್ರ ಕಾಣದವರಿಗಾಗಿ ಚಿತ್ರದ ಹಿಂದೆ ಒಂದು ವಿವರಣೆ ಬರೆದಿಡುವುದು ಪದ್ಧತಿ; ಕಣ್ಣಿದ್ದವರಿಗೆ ಅದು ಕಾಣದು, ಓದುಗಪ್ಪನಂಥವರು ಓದಿ ಹೇಳುತ್ತಾರೆ. ಇಪ್ಪತ್ತರ ಹುಡುಗಿ ಅತ್ತೆಯ ಫೋಟೋ ಹಿಂದೆ ಏನು ಬರೆದಿದ್ದಳೆಂದು ಅವಳು ತೆಗೆದು ತೋರಿಸಿದಳು: "ಅತ್ತೆ ಕಿಟಕಿ ಹತ್ತಿರ ನಿಂತಿದ್ದಾರೆ. ನಗುತ್ತಿದ್ದಾರೆ. ಮಾವ ಏನೋ ಜೋಕು ಹೇಳಿದರು, ಅಷ್ಟೇನೂ ಚೆನ್ನಾಗಿರಲಿಲ್ಲ."

ಕೋಣೆಯೆಲ್ಲ ಗೊಳ್ಳೆಂದಿತು. ಅವಳೂ ನಕ್ಕಳು. "ಇದನ್ನ ಏನು ಮಾಡೋಣ ಹೇಳಿ," ಅಂದಳು.

ಮುಂದಿನ ಸಾಲಿನಲ್ಲಿದ್ದ ಚುರುಕು ಹುಡುಗಿಯೊಬ್ಬಳು, "ಮೇಡಂ, ಅರ್ಧ ಫೋಟೋ ಗೋಡೆನೇ ಇದೆ. ಇದ್ರಿಂದ ಯಾರಿಗೂ ಏನೂ ತಿಳಿಯೋದಿಲ್ಲ. ಬರೀ ಅಲಂಕಾರಕ್ಕೆ ಅಂತ ಲೆಕ್ಕ. ವಿವರಣೆ ಖಾಲಿ ಬಿಡಬೇಕು," ಅಂದಳು. ಇನ್ನೊಬ್ಬ, "ಒತ್ತಿದ್ರೆ ಅದೇ ಫೋಟೋ ದೊಡ್ಡದಾಗಿ ಬರುತ್ತೆ ಅಷ್ಟೆ. ಕೊಂಡಿನೂ ತೆಗೀಬಹುದು," ಅಂದ. ನಿಯಮದ ಪ್ರಕಾರ ಇಬ್ಬರ ಮಾತೂ ಸರಿ. ಅಲಂಕಾರದ ಚಿತ್ರಕ್ಕೆ ವಿವರಣೆ ಖಾಲಿ ಬಿಟ್ಟರೆ ಓದುಗಪ್ಪ ಅದನ್ನು ಇಲ್ಲವೇ ಇಲ್ಲ ಅನ್ನುವ ಹಾಗೆ ದಾಟಿಹೋಗುತ್ತಾನೆ. ಈ ಪಾಠವನ್ನು ಅವಳೇ ಬೆಳಗ್ಗೆ ಹೇಳಿಕೊಟ್ಟಿದ್ದಳು. ಅಲ್ಲೇ ಎಲ್ಲರೆದುರು ಎರಡೂ ತೆಗೆದು ಉಳಿಸಿ, ಮಿಕ್ಕಿದ್ದನ್ನು ಊಟವಾದ ಮೇಲೆ ನೋಡೋಣ ಅಂತ ಲ್ಯಾಪ್‌ಟಾಪ್ ಮುಚ್ಚಿದಳು. ಊಟವಾದ ಮೇಲೆ ಮಾತು ಬೇರೆಲ್ಲೋ ಹೋಯಿತು.

ಮೂರು ವಾರದ ಹತ್ತಿರವಾದಾಗ ನರ್ಸಮ್ಮನ ಪತ್ರ ಬಂತು. "ಹದಿನೆಂಟು ದಿನದಿಂದ ಮೇಷ್ಟ್ರೇ ಗೈರುಹಾಜರು. ನಾವು ಇಪ್ಪತ್ತಾರು ಜನ ದಿನಾ ಬಂದು ಕೂತು ಎದ್ದು ಹೋಗ್ತಿದೀವಿ. ಫೋನು ಮಾಡಿದರೆ ಚೆನ್ನಾಗಿದೀನಿ ಅಂದು, ಮುಂದೆ ಮಾತಾಡೋಕೆ ಬಿಡದೆ ಇಟ್ಟುಬಿಡ್ತಾರೆ. ಅವರ ಚೆನ್ನಾಗಿದೀನಿ ನನಗೆ ಗೊತ್ತಿಲ್ಲವಾ. ಒಂದು ಸಲ ಹೋಗಿ ಬಾ ಮಗಳೇ." ಅವಳೂ ಫೋನು ಮಾಡಿದಳು. "ಚೆನ್ನಾಗಿದೀನಿ," ಅಂದರು ಮಾವ. ಮರುದಿನ ಭಾನುವಾರ, ಬೆಳಗ್ಗೆಯೇ ಹೊರಟಳು.

ಇನ್‌ಸ್ಟಿಟ್ಯೂಟು ಇದ್ದ ಹಾಲಿನಲ್ಲಿ ಈಗ ಜಿಮ್. ಯಂತ್ರಗಳಿದ್ದ ಜಾಗದಲ್ಲಿ ಬೇರೆ ಯಂತ್ರಗಳು. ಕುಟ್ಟುವ ಸದ್ದು ಹೋಗಿ ಕಬ್ಬಿಣ ನೆಲಕ್ಕೆ ಬೀಳುವ ಸದ್ದು. ಮೆಟ್ಟಿಲು ಹತ್ತುವಾಗ ಅವಳ ಕೈ ತಾನಾಗಿ ಗೋಡೆ ಸವರಿಕೊಂಡು ಹೋಯಿತು. ಏಳನೇ ಮೆಟ್ಟಿಲ ಹತ್ತಿರ ಗಾರೆ ಕಿತ್ತ ಕುಳಿ ಇನ್ನೂ ಹಾಗೇ ಇತ್ತು. ಚಿಕ್ಕವಳಿದ್ದಾಗ ಅದರಲ್ಲಿ ಪೆನ್ಸಿಲ್ ತುಂಡು ಬಚ್ಚಿಡುತ್ತಿದ್ದದ್ದು ನೆನಪಾಗಿ, ಅಷ್ಟು ದೊಡ್ಡ ಹೆಂಗಸು ಬೆರಳು ತೂರಿಸಿ ನೋಡಿದಳು. ಏನೂ ಇರಲಿಲ್ಲ. ಇಲ್ಲದ್ದಕ್ಕೆ ಬೇಜಾರೂ ಆಯಿತು.

ಬಾಗಿಲು ತೆರೆದ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಮನೆಯೂ ಅಷ್ಟೇ ಓರಣ. ಕಂಪ್ಯೂಟರಿಗೆ ಮಾತ್ರ ಮಡಿಸಿದ ಟವೆಲ್ ಹೊದಿಸಿತ್ತು. ಹಿಂದೆ ಕೆಟ್ಟುಹೋದ ಟೈಪ್‌ರೈಟರುಗಳಿಗೆ ಮಾವ ಹೀಗೆಯೇ ಹೊದಿಸುತ್ತಿದ್ದರು.

ಕಾಫಿ ಅವರೇ ಮಾಡಿದರು. ಲೋಟದ ಅಂಚಿಗೆ ಬೆರಳಿಟ್ಟು, ಬಿಸಿ ತಾಕುವವರೆಗೆ ಸುರಿದು, ಒಂದು ಹನಿ ಚೆಲ್ಲದೆ ತಂದಿಟ್ಟರು. ಅವಳ ಮಗನ ಶಾಲೆ, ಗಂಡನ ಬೆನ್ನುನೋವು, ಅವಳ ಅಮ್ಮನ ಹಟ, ಎಲ್ಲವನ್ನೂ ಕೇಳಿದರು. ಮಾತಿಗೆ ಮಾತು ಬರುತ್ತಿತ್ತು, ಮಾವ ಮಾತ್ರ ಎಲ್ಲೋ ಇದ್ದರು. ಆಮೇಲೆ ಲೋಟ ಕೆಳಗಿಟ್ಟು, ತೀರಾ ಸಾಮಾನ್ಯ ವಿಷಯವೆಂಬಂತೆ ಕೇಳಿದರು.

"ಯಾವತ್ತು ಮುಚ್ತೀಯ?"

"ಏನನ್ನ ಮಾವ?"

"ಹಾಜರಿನ. ಹೇಳೋಕೆ ಸಂಕೋಚ ಬೇಡ. ನೀನು ಹೇಳೋಕೆ ಬರ್ತೀಯ ಅಂತಾನೇ ಕಾಯ್ತಾ ಇದ್ದೆ."

"ಮುಚ್ಚೋದಾ? ಯಾರು ಹೇಳಿದ್ದು ನಿಮಗೆ?"

"ಯಾರಾದ್ರೂ ಹೇಳ್ಬೇಕಾ. ಒಂದು ಇನ್‌ಸ್ಟಿಟ್ಯೂಟ್ ಮುಚ್ಚಿದವನು ನಾನು, ಹೇಗೆ ಮುಚ್ತಾರೆ ಅಂತ ಗೊತ್ತು. ಮೊದಲು ಗೋಡೆ ಮೇಲಿನ ಫೋಟೋ ಇಳಿಯುತ್ತೆ. ಆಮೇಲೆ ಹುಡುಗರು ಬರೋದು ನಿಲ್ಲಿಸ್ತಾರೆ. ಕಡೆಗೆ ಬಾಗಿಲು. ನಂದೂ ಹಾಗೇ ಆಯ್ತಲ್ಲ."

ಅವಳಿಗೆ ತಲೆಬುಡ ತಿಳಿಯಲಿಲ್ಲ. ಎದ್ದು ಟವೆಲ್ ತೆಗೆದು ಕಂಪ್ಯೂಟರ್ ಹಾಕಿದಳು. "ದಿನಾ ಹೇಗೆ ಮಾಡ್ತಿದ್ರಿ, ಹಾಗೇ ಮಾಡಿ ತೋರಿಸಿ ಮಾವ. ನಾನು ಏನೂ ಮಾತಾಡಲ್ಲ."

ಮಾವ ಕುರ್ಚಿ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತರು. ಟ್ಯಾಬ್ ಕೀಲಿಯ ಮೇಲೆ ಬೆರಳು ಇಳಿಯಿತು. ಒಂದು, ಎರಡು, ಮೂರು. ಅವರ ಬೆರಳಿನ ವೇಗಕ್ಕೆ ಓದುಗಪ್ಪ ಪ್ರತಿ ಕೊಂಡಿಯ ಮೊದಲ ಅಕ್ಷರ ಹೇಳುವಷ್ಟರಲ್ಲಿ ಮುಂದಿನದಕ್ಕೆ ಹೋಗಬೇಕಾಗುತ್ತಿತ್ತು. ನಾಲ್ಕು. ಅಲ್ಲಿ ಬೆರಳು ನಿಂತಿತು. ಮಾವ ಮುಖವನ್ನು ಸ್ವಲ್ಪ ಬಲಕ್ಕೆ ಓರೆ ಮಾಡಿದರು, ಪಕ್ಕದ ಕೋಣೆಯಿಂದ ಯಾರೋ ಕರೆದರೆ ಕೇಳಿಸಿಕೊಳ್ಳುವ ಹಾಗೆ.

"ಪಾಠಗಳು," ಅಂದ ಓದುಗಪ್ಪ.

ಮಾವ ಇನ್ನೂ ಒಂದು ಗಳಿಗೆ ಕಾದರು. ಆಮೇಲೆ ಐದು, ಆರು, ಏಳು, ಎಂಟರ್. "ಹಾಜರಿ. ಇವತ್ತು ಯಾರೂ ಬಂದಿಲ್ಲ," ಅಂದ ಓದುಗಪ್ಪ.

"ಕೇಳಿದೆಯಲ್ಲ. ಹತ್ತೊಂಬತ್ತು ದಿನದಿಂದ ಇದೇ," ಅಂದರು ಮಾವ.

ಅವಳು ಪರದೆ ನೋಡಿದಳು. ತೆರೆದಿದ್ದದ್ದು ಸಂಜೆಯ ಬ್ಯಾಚಿನ ಪುಟ. ಇಪ್ಪತ್ತೆರಡು ವರ್ಷದ ಹಿಂದೆ ಉತ್ಸಾಹಕ್ಕೆ ಅವಳು ಮಾಡಿಟ್ಟಿದ್ದ ಪುಟ; ಸಂಜೆಯ ಬ್ಯಾಚು ಶುರುವಾಗಲೇ ಇಲ್ಲ, ಅದರಲ್ಲಿ ಯಾರೂ ಯಾವತ್ತೂ ಬಂದಿರಲಿಲ್ಲ. ಎಲ್ಲ ಪುಟಕ್ಕೂ ಹಾಜರಿ ಎಂಬ ಒಂದೇ ತಲೆಬರಹ ಕೊಟ್ಟವಳೂ ಅವಳೇ. ನಾಲ್ಕನೆಯದಾಗಿದ್ದ ಅತ್ತೆಯ ಫೋಟೋದ ಕೊಂಡಿ ತೆಗೆದದ್ದರಿಂದ ಹಿಂದಿನದೆಲ್ಲ ಒಂದೊಂದು ಜಾಗ ಮುಂದಕ್ಕೆ ಬಂದು, ಎಂಟನೆಯದಾಗಿದ್ದ ಈ ಪುಟ ಏಳನೆಯದಾಗಿತ್ತು. ಪಕ್ಕದ ಪುಟದಲ್ಲೇ ಇಪ್ಪತ್ತಾರು ಜನ ದಿನಾ ಬಂದು ಕೂತು, ಮೇಷ್ಟ್ರಿಗಾಗಿ ಕಾದು ಹೋಗುತ್ತಿದ್ದರು.

ಬೇರೆಯವರು ಹೀಗೆ ಮಾಡಿದ್ದರೆ ಅವಳು ಅವರ ನೀರಿಳಿಸುತ್ತಿದ್ದಳು. ಹೊಸದು ಮಾಡುವ ಮೊದಲು ಬಳಸುವವರನ್ನು ಒಂದು ಮಾತು ಕೇಳಿ ಅಂತ ಎಷ್ಟು ವೇದಿಕೆಗಳಲ್ಲಿ ಗಂಟಲು ಹರಿದುಕೊಂಡಿದ್ದಳೋ ಲೆಕ್ಕವಿಲ್ಲ. ಕೇಳಬೇಕಾಗಿದ್ದದ್ದು ಒಬ್ಬರನ್ನು. ಆ ಒಬ್ಬರಿಗೆ ಒಂದು ಫೋನು ಮಾಡಲು ಅವಳಿಗೆ ತೋಚಿರಲಿಲ್ಲ.

"ಮಾವ, ಹುಡುಗರು ಎಲ್ಲೂ ಹೋಗಿಲ್ಲ. ದಿನಾ ಬರ್ತಿದಾರೆ. ನಾನೇ ದಾರಿ ತಪ್ಪಿಸಿದ್ದು," ಅಂದಳು. ತರಬೇತಿ, ದೊಡ್ಡ ಪರದೆ, ನಲವತ್ತು ಜನ, ಯಾವುದನ್ನೂ ಮುಚ್ಚಿಡದೆ ಹೇಳಿದಳು. ನಕ್ಕದ್ದನ್ನೂ ಹೇಳಿದಳು. "ಅತ್ತೆ ಫೋಟೋ ಬರೀ ಅಲಂಕಾರಕ್ಕೆ ಅಂತ ಲೆಕ್ಕ ಹಾಕಿ, ಖಾಲಿ ಬಿಟ್ವಿ."

ಕೆಳಗೆ ಯಾರೋ ಕಬ್ಬಿಣ ಎತ್ತಿಹಾಕಿದರು, ಮೇಜಿನ ಮೇಲಿನ ಲೋಟ ಸಣ್ಣಗೆ ಅದುರಿತು.

"ಅಲಂಕಾರ ಅಂದ್ರೆ ಅವಳಿಗೇ ಆಗ್ತಿರಲಿಲ್ಲ," ಅಂದರು ಮಾವ.

ಅವಳು ಅಳಬಾರದೆಂದು ತುಟಿ ಕಚ್ಚಿಕೊಂಡಳು. "ನೀವು ಯಾಕೆ ಫೋನು ಮಾಡಿ ಕೇಳಲಿಲ್ಲ ಮಾವ?"

"ಕೇಳಿದ್ರೆ ಇಲ್ಲ ಮಾವ ಮುಚ್ಚಲ್ಲ ಅಂತೀಯ. ನನ್ನ ಮುಖ ನೋಡಿ ನಡೆಸ್ತೀಯ. ಹಾಗೆ ನಡೆಸೋದು ಬೇಡ ಅನ್ನಿಸ್ತು." ಮಾವ ಕೀಲಿಮಣೆಯ ಧೂಳನ್ನು ಅಂಗೈಯಲ್ಲಿ ಒರೆಸಿದರು. "ಹುಡುಗರು ಹೋದ್ರೂ ಪರವಾಗಿಲ್ಲ ಅಂದ್ಕೊಂಡೆ. ವಯಸ್ಸಾಯ್ತು, ಹೋಗ್ತಾರೆ. ನಾಲ್ಕನೇದು ಹೋಗಿದ್ದು ಮಾತ್ರ ತಡೆಯೋಕಾಗಲಿಲ್ಲ ಕಣೇ. ದಿನಾ ಬೆಳಗ್ಗೆ ಅಲ್ಲಿ ಒಂದು ಗಳಿಗೆ ನಿಂತು ಮುಂದೆ ಹೋಗ್ತಿದ್ದೆ."

ಅವಳು ಲ್ಯಾಪ್‌ಟಾಪ್ ತೆರೆದಳು. ಹಳೆಯದರ ಪ್ರತಿ ಇತ್ತು. ಐದು ನಿಮಿಷದ ಕೆಲಸ. ಕೊಂಡಿ ತಿರುಗಿ ನಾಲ್ಕನೇ ಜಾಗಕ್ಕೆ ಬಂತು. ವಿವರಣೆ ಬರೆಯುವ ಕಡೆ ಬಂದಾಗ ಕೈ ನಿಂತಿತು. "ಮಾವ, ಹಳೇದು ತೀರಾ ಹುಡುಗಾಟದ ಹಾಗಿದೆ. ಸರಿಯಾಗಿ ಬರೀಲಾ? ಎಲ್ಲರೂ ಹಾಗೇ ಬರೀಬೇಕು ಅಂತ ನಾನೇ ಹೇಳ್ತೀನಿ."

"ಒಂದಕ್ಷರ ಮುಟ್ಟಬೇಡ," ಅಂದರು ಮಾವ. ಧ್ವನಿಯಲ್ಲಿ ಆ ಹಳೆಯ ಮೇಷ್ಟ್ರು ಇದ್ದರು. "ಆದ್ರೆ ಅದ್ರಲ್ಲಿ ಒಂದು ತಪ್ಪಿದೆ. ಹನ್ನೆರಡು ವರ್ಷದಿಂದ ದಿನಾ ಕೇಳಿ ಕೇಳಿ ಸಹಿಸ್ಕೊಂಡಿದೀನಿ. ಜೋಕು ಹೇಳಿದ್ದು ನಾನಲ್ಲ."

"ಮತ್ತೆ?"

"ನಾನು ಯಾವತ್ತು ಜೋಕು ಹೇಳಿದೀನಿ? ಅವಳೇ ಹೇಳಿದ್ದು. ನೀನು ಕ್ಯಾಮೆರಾ ತಿರುಗಿಸ್ತಾ ಇದ್ದೆ, ನಿನಗೆ ಕೇಳಿಸಲಿಲ್ಲ. ತೆಗೆಯೋ ಹೊತ್ತಿಗೆ ಬೇಕಂತಲೇ ಬಲಗಡೆ ಸರಿದು ನಿಂತಳು. ನಿಂತು ನನ್ನ ಕೇಳಿದಳು. ನಾಳಿದ್ದು ಬೀಗ ಹಾಕೋ ಇನ್‌ಸ್ಟಿಟ್ಯೂಟು, ನನಗೆ ಎದೆ ಒಡೆದು ಹೋಗಿತ್ತು, ಉತ್ತರ ಕೊಡಲಿಲ್ಲ." ಮಾವ ಮೇಜಿನ ಕಡೆ ತಿರುಗಿದರು. "ಬರ್ಕೋ. ಹಳೇದರ ಕೆಳಗೆ, ಹೊಸ ಸಾಲು."

ಅವಳ ಬೆರಳುಗಳು ತಮಗೆ ತಾವೇ ಕೀಲಿಗಳ ಮೇಲೆ ಕೂತವು. ಮಾವ ಹಿಂದಿನ ಹಾಗೆಯೇ, ಪ್ರತಿ ಪದ ಬಿಡಿಸಿ, ಬೆರಳಿನಿಂದ ಮೇಜಿನ ಮೇಲೆ ತಾಳ ಹಾಕುತ್ತ ಹೇಳಿದರು.

"ತಿದ್ದುಪಡಿ. ಜೋಕು ಹೇಳಿದ್ದು ಅತ್ತೆ. ಫುಲ್‌ಸ್ಟಾಪ್. ಎಡಗಡೆ ಹತ್ತು ಬಿಟ್ಟು ನಿಂತಿದ್ದಾಳೆ. ಫುಲ್‌ಸ್ಟಾಪ್. ಸಾಕಾ ಮೇಷ್ಟ್ರೇ, ಅಂತ ಕೇಳುತ್ತಿದ್ದಾಳೆ. ಫುಲ್‌ಸ್ಟಾಪ್."

ಅವಳು ಫೋಟೋ ದೊಡ್ಡದು ಮಾಡಿ ನೋಡಿದಳು. ಇಪ್ಪತ್ತೆರಡು ವರ್ಷ ತನ್ನ ಕೈ ತಪ್ಪೆಂದು ನಾಚಿಕೊಂಡಿದ್ದ ಆ ಬರೀ ಗೋಡೆ, ಅದರ ಪಕ್ಕದಲ್ಲಿ ಅತ್ತೆ. ಅತ್ತೆಯ ಕಣ್ಣು ಕ್ಯಾಮೆರಾದ ಕಡೆ ಇರಲೇ ಇಲ್ಲ. ಪಕ್ಕಕ್ಕೆ, ಮಾವ ನಿಂತಿರಬಹುದಾದ ಕಡೆ ಇತ್ತು. ಅಷ್ಟು ಸಲ ನೋಡಿದ ಫೋಟೋದಲ್ಲಿ ಇದನ್ನು ಅವಳು ಕಂಡಿರಲಿಲ್ಲ. ಕಾಣದವರು ಹೇಳಿದ ಮೇಲೆ ಕಂಡಿತು. ಈಗ ಅವಳು ಅಳು ತಡೆಯಲಿಲ್ಲ, ಮಾವನೂ ಸುಮ್ಮನಿರೆನ್ನಲಿಲ್ಲ.

ಎಲ್ಲ ಉಳಿಸಿ, "ಈಗ ನೋಡಿ ಮಾವ," ಅಂದಳು.

ಒಂದು, ಎರಡು, ಮೂರು, ನಾಲ್ಕು. ಬೆರಳು ನಿಂತಿತು. ಓದುಗಪ್ಪ ತನ್ನ ಏರಿಳಿತವಿಲ್ಲದ ದನಿಯಲ್ಲಿ ಕಿಟಕಿ ಹೇಳಿದ, ನಗು ಹೇಳಿದ, ಚೆನ್ನಾಗಿಲ್ಲದ ಜೋಕನ್ನು ಹೇಳಿದ, ತಿದ್ದುಪಡಿಯನ್ನೂ ಹೇಳಿ, "ಸಾಕಾ ಮೇಷ್ಟ್ರೇ, ಅಂತ ಕೇಳುತ್ತಿದ್ದಾಳೆ," ಎಂದು ಮುಗಿಸಿದ.

"ಸಾಕು ಕಣೇ," ಅಂದರು ಮಾವ.

ಆಮೇಲೆ ಇನ್ನೂ ಮೂರು ಸಲ ಒತ್ತಿ, ಎಂಟರ್ ಹೊಡೆದು, ಹತ್ತೊಂಬತ್ತು ದಿನದ ಹಾಜರಿ ತೆಗೆದುಕೊಳ್ಳಲು ಕೂತರು.